ಪೊಟ್ಟಣ ಮತ್ತು ಭರಣಿ: ಲಾಕ್‌ಡೌನ್ ಕಾಲದ ಸಂಸ್ಕರಿತ ಆಹಾರವೂ ಗಡಿನಾಡ ಕನ್ನಡ ಅಡುಗೆಮನೆಯೂ

2020ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಸಾಗುವ ಹಲವು ಒಳದಾರಿಗಳ ಮೇಲೆ ಮಣ್ಣಿನ ರಾಶಿ ಬಿದ್ದಿತು. ತಲಪಾಡಿಯ ಹೆದ್ದಾರಿಯಲ್ಲಿ ತಡೆ ಎದ್ದಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು, ಏಪ್ರಿಲ್ 1ರಂದು ಕೇರಳ ಹೈಕೋರ್ಟು ನೀಡಿದ ನಿರ್ದೇಶನ, ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ ರೋಗಿಗಳ ಸಾಗಾಟಕ್ಕೊಂದು ಕ್ರಮ ಗೊತ್ತಾಗಿ ವ್ಯಾಜ್ಯ ಮುಗಿದದ್ದು, ಇವೆಲ್ಲವೂ ದಾಖಲೆಗೆ ಸೇರಿವೆ. ಅದೇ ವಾರಗಳಲ್ಲಿ ಅದೇ ಗಡಿಯ ಈಚೆಯ ಅಡುಗೆಮನೆಗಳಲ್ಲಿ ಏನಾಯಿತು ಎಂಬುದು ಮಾತ್ರ ಅಷ್ಟಾಗಿ ದಾಖಲಾಗಿಲ್ಲ. ಊಟ ದಿನನಿತ್ಯದ ಸಂಗತಿಯಾದುದರಿಂದ ನ್ಯಾಯಾಲಯದ ಕಡತದಲ್ಲಿ ಅದಕ್ಕೆ ಎಡೆಯಿಲ್ಲ. ಅಂಕಿಅಂಶಗಳ ಕಡತದಲ್ಲಿಯೂ, ಮುಂದೆ ಕಾಣುವಂತೆ, ಅದಕ್ಕೆ ಸಿಕ್ಕಿರುವ ಎಡೆ ಬಹಳ ಕಡಿಮೆ.

ಲಾಕ್‌ಡೌನಿನ ಆಹಾರದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಜನ ಮನೆಯಲ್ಲಿ ಕುಳಿತು ಪೊಟ್ಟಣದ ತಿನಿಸನ್ನು ಹೆಚ್ಚು ತಿಂದರು. ಇದಕ್ಕೆ ನೇರ ಎದುರಾದ ಇನ್ನೊಂದು ಮಾತೂ ಅಷ್ಟೇ ವಿಶ್ವಾಸದಿಂದ ಹೇಳಲ್ಪಡುತ್ತದೆ: ಹೋಟೆಲು ಮುಚ್ಚಿದ್ದರಿಂದ ಜನ ಮತ್ತೆ ಮನೆಯ ಅಡುಗೆಗೆ ಮರಳಿದರು, ಹಲಸು ಮಾವುಗಳಿಗೆ ಬೆಲೆ ಬಂತು. ಎರಡೂ ಸುಳ್ಳಲ್ಲ. ಎರಡೂ ಒಂದೇ ಮನೆಯಲ್ಲಿ, ಒಂದೇ ತಿಂಗಳಲ್ಲಿ ನಿಜವಾಗಿರಬಹುದು. ತೊಡಕಿರುವುದು ‘ಸಂಸ್ಕರಿತ ಆಹಾರ’ ಎಂಬ ಪದದಲ್ಲಿ. ಆ ಪದವನ್ನು ಬಿಡಿಸದೆ ಈ ಬದಲಾವಣೆಯನ್ನು ಅಳೆಯಲು ಹೊರಟರೆ, ಅದರಲ್ಲಿಯೂ ಎರಡು ಮೂರು ಭಾಷೆಗಳ ನಡುವೆ ಬದುಕುವ ಸಮುದಾಯಗಳಲ್ಲಿ ಅಳೆಯಲು ಹೊರಟರೆ, ದೊರೆಯುವ ಉತ್ತರಗಳು ದಾರಿ ತಪ್ಪಿಸುತ್ತವೆ.

ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದರೆ ಅದು ಸಂಸ್ಕರಣೆ. ಕುಚ್ಚಲಕ್ಕಿ ಆ ಅರ್ಥದಲ್ಲಿ ಸಂಸ್ಕರಿತ ಆಹಾರವೇ. ಹಾಲನ್ನು ಕಾಯಿಸಿ ಹೆಪ್ಪು ಹಾಕುವುದೂ, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಇಡುವುದೂ, ಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡುವುದೂ ಸಂಸ್ಕರಣೆಗಳೇ. ಈ ಗೊಂದಲವನ್ನು ಬಿಡಿಸಲೆಂದೇ ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ಸಂಗಡಿಗರು 2009ರಿಂದೀಚೆಗೆ ‘ನೋವಾ’ ಎಂಬ ವರ್ಗೀಕರಣವನ್ನು ರೂಪಿಸಿದರು. ಅದು ಆಹಾರವನ್ನು ಪೋಷಕಾಂಶಗಳಿಂದಲ್ಲದೆ, ಅದಕ್ಕೆ ಏನು ಮಾಡಲಾಗಿದೆ, ಏಕೆ ಮಾಡಲಾಗಿದೆ ಎಂಬುದರಿಂದ ನಾಲ್ಕಾಗಿ ವಿಂಗಡಿಸುತ್ತದೆ. ಮೊದಲನೆಯ ವರ್ಗದಲ್ಲಿ ಕಾಳು, ತರಕಾರಿ, ಹಾಲು, ಮೀನು ಮುಂತಾದವು ಹಾಗೆಯೇ ಅಥವಾ ಒಣಗಿಸಿ, ಬೀಸಿ, ಕುದಿಸಿ ಇಟ್ಟವು. ಎರಡನೆಯದರಲ್ಲಿ ಎಣ್ಣೆ, ಸಕ್ಕರೆ, ಉಪ್ಪುಗಳಂಥ ಅಡುಗೆಯ ಸಾಮಗ್ರಿ. ಮೂರನೆಯದು ಇವೆರಡರ ಸರಳ ಕೂಡಿಕೆ, ಉಪ್ಪಿನಕಾಯಿಯ ಹಾಗೆ. ನಾಲ್ಕನೆಯದು ಬೇರೆಯೇ ಜಾತಿ: ಸಾಮಾನ್ಯ ಅಡುಗೆಮನೆಯಲ್ಲಿ ಇರದ ಸಾಮಗ್ರಿಗಳಿಂದ, ಅಂದರೆ ರುಚಿವರ್ಧಕ, ಕೃತಕ ಪರಿಮಳ, ಬಣ್ಣ, ಎಮಲ್ಸಿಫೈಯರ್ ಮೊದಲಾದವುಗಳಿಂದ, ಕಾರ್ಖಾನೆಯಲ್ಲಿ ಸಿದ್ಧವಾದ, ತೆಗೆದ ಕೂಡಲೇ ತಿನ್ನಬಹುದಾದ ತಯಾರಿಕೆಗಳು. ಕನ್ನಡದಲ್ಲಿ ಇದನ್ನು ಈಗ ‘ಅತಿಸಂಸ್ಕರಿತ’ ಎನ್ನುವ ರೂಢಿ ಬೆಳೆಯುತ್ತಿದೆ. ನೋವಾ ವರ್ಗೀಕರಣಕ್ಕೆ ಆಕ್ಷೇಪಗಳಿವೆ. ನಾಲ್ಕನೆಯ ಬುಟ್ಟಿ ತುಂಬ ದೊಡ್ಡದು, ಅದರೊಳಗೆ ಕಾರ್ಖಾನೆಯ ಬ್ರೆಡ್ಡೂ ತಂಪು ಪಾನೀಯವೂ ಒಟ್ಟಿಗೆ ಬೀಳುತ್ತವೆ ಎಂಬುದು ಅವುಗಳಲ್ಲಿ ಗಟ್ಟಿಯಾದದ್ದು. ಆದರೂ ಲಾಕ್‌ಡೌನಿನ ಎರಡು ವಿರುದ್ಧ ಹೇಳಿಕೆಗಳು ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬುದನ್ನು ಕಾಣಲು ಈ ವಿಂಗಡಣೆ ಸಾಕು. ಹೆಚ್ಚಿದ್ದು ಮೂರನೆಯ ವರ್ಗವೋ ನಾಲ್ಕನೆಯದೋ ಎಂದು ಕೇಳಿದರೆ ಪ್ರಶ್ನೆ ಕೂಡಲೇ ತಿಳಿಯಾಗುತ್ತದೆ.

ಬ್ರೆಜಿಲಿನಲ್ಲಿ ಇದೇ ಪ್ರಶ್ನೆಯನ್ನು ಕೇಳಲಾಯಿತು. 2020ರ ಜನವರಿಯಲ್ಲಿ ಅಲ್ಲಿ ಆಕಸ್ಮಿಕವಾಗಿ ಒಂದು ದೊಡ್ಡ ಆಹಾರ ಅಧ್ಯಯನ ಆರಂಭವಾಗಿತ್ತು. ಅದರಲ್ಲಿ ಸೇರಿದ್ದ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಆಹಾರವನ್ನು ಸೋಂಕಿಗೆ ಮುಂಚೆ ಮತ್ತು ಮೇ ತಿಂಗಳಲ್ಲಿ ಹೋಲಿಸಿದಾಗ, ತರಕಾರಿ, ಹಣ್ಣು, ಬೇಳೆಗಳ ಸೇವನೆ ಒಟ್ಟಾರೆ ತುಸು ಏರಿತ್ತು; ಅತಿಸಂಸ್ಕರಿತ ಆಹಾರ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆದರೆ ದೇಶದ ಉತ್ತರ ಮತ್ತು ಈಶಾನ್ಯ ಭಾಗಗಳಲ್ಲಿ, ಹಾಗೂ ಕಡಿಮೆ ಶಾಲಾ ಶಿಕ್ಷಣ ಪಡೆದವರಲ್ಲಿ, ಅದು ಏರಿತ್ತು. ಅಂದರೆ ಸರಾಸರಿ ಅಲುಗದೆ ನಿಂತಿದ್ದಾಗಲೇ ಅದರ ಅಡಿಯಲ್ಲಿ ಸಮಾಜದ ಎರಡು ತುದಿಗಳು ಎರಡು ದಿಕ್ಕಿಗೆ ಸರಿಯುತ್ತಿದ್ದವು. ಅಂಚಿನಲ್ಲಿ ಇರುವ ಸಮುದಾಯಗಳನ್ನು ಅಭ್ಯಸಿಸುವವರಿಗೆ ಈ ಅಧ್ಯಯನದ ಮುಖ್ಯ ಪಾಠ ಇದೇ.

ಇನ್ನೊಂದು ಹೋಲಿಕೆ ಬ್ರಿಟನ್ನಿನದು. ಅಲ್ಲಿ 2020ರ ಮಾರ್ಚ್‌ನಲ್ಲಿ ಅಂಗಡಿಗಳ ಗೋಧಿಹಿಟ್ಟು ಮಾಯವಾಯಿತು. ದೇಶದಲ್ಲಿ ಹಿಟ್ಟಿಗೆ ಕೊರತೆ ಇರಲಿಲ್ಲ. ಅಲ್ಲಿನ ಗಿರಣಿಗಳ ಹಿಟ್ಟಿನಲ್ಲಿ ಚಿಲ್ಲರೆ ಅಂಗಡಿಗೆ ಹೋಗುತ್ತಿದ್ದದ್ದು ಶೇಕಡಾ 4ರಷ್ಟು ಮಾತ್ರ. ಉಳಿದದ್ದು ಬೇಕರಿ, ಕಾರ್ಖಾನೆಗಳಿಗೆ ದೊಡ್ಡ ಚೀಲಗಳಲ್ಲಿ, ಟ್ಯಾಂಕರುಗಳಲ್ಲಿ ಹೋಗುತ್ತಿತ್ತು. ಜನರೆಲ್ಲ ಮನೆಯಲ್ಲಿ ಬ್ರೆಡ್ ಸುಡಲು ಹೊರಟಾಗ ಸಾಲದೆ ಬಂದದ್ದು ಸಣ್ಣ ಪೊಟ್ಟಣ ತುಂಬುವ ಯಂತ್ರ. ಜನ ಏನು ತಿಂದರು ಎಂಬುದಕ್ಕೆ ಅವರ ಇಷ್ಟಾನಿಷ್ಟಗಳಿಗಿಂತ ಮೊದಲು, ಯಾವ ಆಹಾರ ಯಾವ ಗಾತ್ರದ ಪೊಟ್ಟಣದಲ್ಲಿ ಯಾವ ದಾರಿಯಿಂದ ಬರುತ್ತಿತ್ತು ಎಂಬುದನ್ನು ಕೇಳಬೇಕಾಗುತ್ತದೆ.

ಇದೇ ಪ್ರಶ್ನೆಯನ್ನು ಭಾರತಕ್ಕೆ ತಂದು ನೋಡಬಹುದು. ಮಾರ್ಚ್ 25ರಿಂದ ಮೇ 31ರ ವರೆಗೆ ನಾಲ್ಕು ಹಂತಗಳಲ್ಲಿ ಜಾರಿಯಲ್ಲಿದ್ದ ದೇಶವ್ಯಾಪಿ ಲಾಕ್‌ಡೌನಿನಲ್ಲಿ ದಿನಸಿ, ಹಾಲು, ತರಕಾರಿ ಅಂಗಡಿಗಳಿಗೆ ವಿನಾಯಿತಿ ಇತ್ತು. ಕುಳಿತು ತಿನ್ನುವ ಹೋಟೆಲುಗಳಿಗೆ ಇರಲಿಲ್ಲ. ಇವೆರಡರ ನಡುವೆ ಇರುವ ಘಟಕಗಳು, ಅಂದರೆ ಹಿಟ್ಟಿನ ಗಿರಣಿ, ಬೇಳೆ ಗಿರಣಿ, ಬ್ರೆಡ್ ತಯಾರಿಕೆ, ಹಾಲು ಸಂಸ್ಕರಣೆ ಇವು ಅನುಮತಿಯ ಪಟ್ಟಿಯಲ್ಲಿ ಇವೆಯೋ ಇಲ್ಲವೋ ಎಂಬ ಗೊಂದಲ ಎಷ್ಟಿತ್ತೆಂದರೆ, ನಗರಗಳಲ್ಲಿ ಇವು ನಡೆಯಬಹುದೆಂದು ಕೇಂದ್ರ ಗೃಹ ಸಚಿವಾಲಯ ಏಪ್ರಿಲ್ 21ರಂದು ಬೇರೆಯೇ ಸ್ಪಷ್ಟೀಕರಣ ಹೊರಡಿಸಬೇಕಾಯಿತು. ಅಷ್ಟರಲ್ಲಿ ನಾಲ್ಕು ವಾರಗಳು ಕಳೆದಿದ್ದವು.

ಈ ನಾಲ್ಕು ವಾರಗಳ ಅರ್ಥ ಎಲ್ಲ ಧಾನ್ಯಗಳಿಗೂ ಒಂದೇ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳ ಮುಖ್ಯ ಆಹಾರ ಜೋಳದ ರೊಟ್ಟಿ. ಜೋಳದಲ್ಲಿ ಗೋಧಿಯ ಹಾಗೆ ಜಿಗುಟು ಹುಟ್ಟಿಸುವ ಅಂಟು ಇಲ್ಲ; ಬಿಸಿನೀರಿಗೆ ಹಿಟ್ಟಿನ ಪಿಷ್ಟ ಮೆತ್ತಗಾಗಿ ಹಿಡಿದುಕೊಳ್ಳುವುದರಿಂದಲೇ ರೊಟ್ಟಿ ಬಡಿಯಲು ಬರುತ್ತದೆ. ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ, ಜಿಡ್ಡು ಕೆಟ್ಟು ಕಹಿಯೂ ಆಗುತ್ತದೆ. ಆದುದರಿಂದ ಜೋಳವನ್ನು ತಿಂಗಳಿಗೊಮ್ಮೆ ಪೊಟ್ಟಣದಲ್ಲಿ ಕೊಳ್ಳುವ ರೂಢಿ ಬೆಳೆಯಲಿಲ್ಲ. ಮನೆಯಲ್ಲಿ ಕಾಳು ಇಟ್ಟುಕೊಂಡು, ವಾರಕ್ಕೆ ಬೇಕಾದಷ್ಟನ್ನು ಓಣಿಯ ಗಿರಣಿಯಲ್ಲಿ ಬೀಸಿಸಿ ತರುವುದು ವಾಡಿಕೆ. ಗಿರಣಿ ಮುಚ್ಚಿದರೆ ಅಥವಾ ಅಲ್ಲಿಗೆ ಹೋಗಲು ಪೊಲೀಸರ ಭಯವಿದ್ದರೆ, ಚೀಲ ತುಂಬ ಜೋಳವಿದ್ದೂ ರೊಟ್ಟಿ ಇರುವುದಿಲ್ಲ. ಕಾರ್ಖಾನೆಯ ಗೋಧಿಹಿಟ್ಟಾದರೋ ಐದು ಕಿಲೋ ಪೊಟ್ಟಣದಲ್ಲಿ ದಿನಸಿ ಅಂಗಡಿಯಲ್ಲಿಯೇ ಸಿಗುತ್ತದೆ. ರೊಟ್ಟಿಯಿಂದ ಚಪಾತಿಗೆ ಹೊರಳುವುದನ್ನು ಈ ಸೀಮೆಯಲ್ಲಿ ರುಚಿಯ ಬದಲಾವಣೆ ಎಂದೋ ಆಧುನಿಕತೆ ಎಂದೋ ಬರೆದುಕೊಳ್ಳುವ ಮುನ್ನ ಗಿರಣಿಯ ಬಾಗಿಲು ತೆರೆದಿತ್ತೇ ಎಂದು ನೋಡಬೇಕು. ಪಡಿತರವೂ ಇದೇ ದಿಕ್ಕಿಗೆ ತಳ್ಳಿತು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಅನ್ನ ಯೋಜನೆಯಲ್ಲಿ ಏಪ್ರಿಲ್‌ನಿಂದ ತಲಾ 5 ಕಿಲೋ ಧಾನ್ಯವೂ ಕುಟುಂಬಕ್ಕೆ 1 ಕಿಲೋ ಬೇಳೆಯೂ ಉಚಿತವಾಗಿ ದೊರೆತವು. ಹಸಿವನ್ನು ತಡೆದ ಯೋಜನೆ ಅದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಧಾನ್ಯ ಅಕ್ಕಿ ಅಥವಾ ಗೋಧಿ. ಜೋಳವೂ ಅಲ್ಲ, ತಾಳವಾಡಿಯ ಮುದ್ದೆಗೆ ಬೇಕಾದ ರಾಗಿಯೂ ಅಲ್ಲ.

ಈ ಸೀಮೆಗೆ ತನ್ನದೇ ಆದ ಕಾಪಿಡುವ ಆಹಾರವೂ ಇತ್ತು. ತೆಳ್ಳಗೆ ಬಡಿದು, ಕಾವಿನಲ್ಲಿ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ; ಶೇಂಗಾ ಹಿಂಡಿಯೋ ಚಟ್ನಿಪುಡಿಯೋ ಜೊತೆಗಿದ್ದರೆ ಒಲೆ ಹೊತ್ತಿಸದೆ ಊಟವಾಗುತ್ತದೆ. ದೂರದ ಜಾತ್ರೆಗೆ, ಹೊಲದ ಕೆಲಸಕ್ಕೆ, ಗುಳೆ ಹೋಗುವ ದಾರಿಗೆ ತಲೆಮಾರುಗಳಿಂದ ಬುತ್ತಿಯಾಗಿ ಬಂದದ್ದು ಅದು. 2020ರ ಬೇಸಗೆಯಲ್ಲಿ ಹೆದ್ದಾರಿಗಳಲ್ಲಿ ನಡೆದು ಊರಿಗೆ ಮರಳಿದ ಕೂಲಿಕಾರರ ಕೈಯಲ್ಲಿ ಹೆಚ್ಚಾಗಿ ಕಂಡದ್ದು ಇಂಥ ಬುತ್ತಿಯಲ್ಲ, ಐದು ರೂಪಾಯಿಯ ಗ್ಲುಕೋಸ್ ಬಿಸ್ಕತ್ತಿನ ಪೊಟ್ಟಣ. ಪಾರ್ಲೆ ಕಂಪನಿ ಮೂರು ಕೋಟಿ ಪೊಟ್ಟಣಗಳನ್ನು ಹಂಚುವುದಾಗಿ ಮಾರ್ಚ್‌ನಲ್ಲಿಯೇ ಘೋಷಿಸಿತು; ಸರ್ಕಾರಗಳೂ ಸೇವಾಸಂಸ್ಥೆಗಳೂ ಸಗಟಾಗಿ ಕೊಂಡು ಹಂಚಿದವು. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾರ್ಲೆ-ಜಿ ತನ್ನ ಎಂಟು ದಶಕಗಳ ಇತಿಹಾಸದಲ್ಲಿಯೇ ಅತಿ ಹೆಚ್ಚು ಮಾರಾಟ ಕಂಡಿತೆಂದು ಕಂಪನಿ ಜೂನ್‌ನಲ್ಲಿ ಹೇಳಿಕೊಂಡಿತು. ಈ ಮಾರಾಟದ ಅಂಕಿಯನ್ನು ಮನೆಯಲ್ಲಿ ಕುಳಿತ ಮಧ್ಯಮ ವರ್ಗದ ಬಾಯಿಚಪಲಕ್ಕೆ ಕಟ್ಟುವುದು ಸುಲಭ, ಆದರೆ ಅದು ಅರ್ಧವೂ ನಿಜವಲ್ಲ. ಹೋಟೆಲುಗಳೂ ಧಾಬಾಗಳೂ ಮುಚ್ಚಿದ್ದ ದಾರಿಯಲ್ಲಿ, ಒಲೆಯಿಲ್ಲದವನಿಗೆ, ಬಿಸ್ಕತ್ತು ತಿಂಡಿಯಾಗಿರಲಿಲ್ಲ, ಊಟವಾಗಿತ್ತು. 2020ರ ಅಕ್ಟೋಬರಿನಲ್ಲಿ ಆಹಾರ ಹಕ್ಕು ಆಂದೋಲನ ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡು ಸೇರಿದಂತೆ 11 ರಾಜ್ಯಗಳಲ್ಲಿ ದುರ್ಬಲ ಸಮುದಾಯಗಳ ಸುಮಾರು ನಾಲ್ಕು ಸಾವಿರ ಜನರನ್ನು ಮಾತಾಡಿಸಿದಾಗ, ಹೆಚ್ಚಿನವರು ಹೇಳಿದ್ದು ಊಟದ ಪ್ರಮಾಣವೂ ಗುಣವೂ ಕುಸಿದವೆಂದು. ಒಂದೇ ಬಿಸ್ಕತ್ತು ಒಂದು ಮನೆಯಲ್ಲಿ ಚಹಾದ ಜೊತೆ ಹೆಚ್ಚುವರಿಯಾಗಿ ಸೇರಿತು, ಇನ್ನೊಂದೆಡೆ ಅನ್ನದ ಸ್ಥಾನಕ್ಕೆ ಬಂತು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಸಾಲು.

ಕಾಸರಗೋಡಿನ ಸ್ಥಿತಿ ಇದಕ್ಕಿಂತ ಭಿನ್ನ. ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲ ವಾರಗಳಲ್ಲಿ ಕೇರಳದಲ್ಲಿಯೇ ಅತಿ ಹೆಚ್ಚು ಸೋಂಕಿನ ಜಿಲ್ಲೆ ಅದಾಗಿತ್ತು. ಕೆಲವೆಡೆ ಮೂರು ಹಂತದ ಬಿಗಿ ಲಾಕ್‌ಡೌನ್ ಬಂತು. ಜಿಲ್ಲೆಯ ಉತ್ತರ ಭಾಗದ ಕನ್ನಡ, ತುಳು ಮನೆಗಳಿಗೆ ಪೇಟೆ ಎಂದರೆ ಬಹುಮಟ್ಟಿಗೆ ಮಂಗಳೂರು, ಪುತ್ತೂರು, ವಿಟ್ಲ. ಸಾಂಬಾರಿಗೆ ಬೇಕಾದ ಬ್ಯಾಡಗಿ ಮೆಣಸು, ಹಿತ್ತಲಲ್ಲಿ ಆಗದ ಘಟ್ಟದ ತರಕಾರಿ ಇವೆಲ್ಲ ಬರುವುದು ಆ ದಾರಿಯಿಂದ. ಆ ದಾರಿ ಮುಚ್ಚಿತು. ಸುಮಾರು ಅದೇ ಹೊತ್ತಿಗೆ ತಿರುವನಂತಪುರದ ಕಡೆಯಿಂದ ಇನ್ನೊಂದು ದಾರಿ ತೆರೆಯಿತು: ಕೇರಳ ಸರ್ಕಾರದ ಉಚಿತ ಆಹಾರ ಕಿಟ್.

ಹದಿನೇಳು ಬಗೆಯ ಸಾಮಾನುಗಳ ಈ ಚೀಲವನ್ನು, ಬಡವ ಬಲ್ಲಿದರೆಂಬ ಭೇದವಿಲ್ಲದೆ, ರಾಜ್ಯದ ಸುಮಾರು 87 ಲಕ್ಷ ಪಡಿತರ ಚೀಟಿದಾರರಿಗೆ ಹಂಚುವ ಕೆಲಸ ಏಪ್ರಿಲ್‌ನಲ್ಲಿ ಆರಂಭವಾಯಿತು. ಸಪ್ಲೈಕೋ ಸಂಸ್ಥೆ ಅದನ್ನು ಕಟ್ಟಿ ಪಡಿತರ ಅಂಗಡಿಗಳಿಗೆ ಕಳಿಸುತ್ತಿತ್ತು. ಸಕ್ಕರೆ, ಚಹಾಪುಡಿ, ಉಪ್ಪು, ಹೆಸರು, ಕಡಲೆ, ಉದ್ದು, ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಗೋಧಿಹಿಟ್ಟು, ರವೆ, ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಅರಸಿನ ಪುಡಿ, ಸಾಸಿವೆ, ಮೆಂತೆ ಮುಂತಾದವು ಅದರಲ್ಲಿದ್ದವು. ನೋವಾದ ಕಣ್ಣಿನಿಂದ ನೋಡಿದರೆ ಈ ಚೀಲ ನಿರ್ದೋಷಿ: ಎಲ್ಲವೂ ಬಹುಪಾಲು ಮೊದಲ ಎರಡು ವರ್ಗದವು, ನಾಲ್ಕನೆಯ ವರ್ಗದ್ದು ಇಲ್ಲವೆಂದೇ ಹೇಳಬಹುದು. ಬಿಸ್ಕತ್ತು ಹಂಚಿಕೆಯ ಜೊತೆ ಹೋಲಿಸಿದಾಗ ಇದು ಒಲೆಯನ್ನು ನಂಬಿದ ಯೋಜನೆ, ಮನೆಯಲ್ಲಿ ಅಡುಗೆ ನಡೆಯುತ್ತದೆ ಎಂಬ ಭರವಸೆಯಿಂದ ರೂಪಿಸಿದ್ದು. ಒಲೆ ಇಲ್ಲದವರಿಗಾಗಿ ಕುಟುಂಬಶ್ರೀ ಮತ್ತು ಸ್ಥಳೀಯ ಸಂಸ್ಥೆಗಳು ನಡೆಸಿದ ಸಾವಿರಕ್ಕೂ ಹೆಚ್ಚು ಸಮುದಾಯ ಅಡುಗೆಮನೆಗಳೂ ಇದ್ದವು.

ಆದರೂ ಒಂದು ಬದಲಾವಣೆ ಇಲ್ಲಿ ಆಯಿತು, ನೋವಾ ಅದನ್ನು ಹಿಡಿಯಲಾರದು. ಈ ಭಾಗದ ಅಡುಗೆಯಲ್ಲಿ ಕೊತ್ತಂಬರಿ, ಮೆಣಸುಗಳನ್ನು ಹುರಿದು, ತೆಂಗಿನಕಾಯಿಯೊಂದಿಗೆ ಆಗಿಂದಾಗ ಕಡೆಯುವುದು ಪದ್ಧತಿ. ಪದಾರ್ಥದ ಬಣ್ಣವೂ ಪರಿಮಳವೂ ಆ ಹುರಿತದಿಂದ ಬರುತ್ತವೆ. ಪುಡಿ ಮೆಣಸು, ಪುಡಿ ಕೊತ್ತಂಬರಿ ಈ ಮನೆಗಳಿಗೆ ಹೊಸದೇನಲ್ಲ, ಆದರೆ ಅವು ಅವಸರದ ದಿನದ ಸಾಮಗ್ರಿಗಳು. ಬ್ಯಾಡಗಿ ಮೆಣಸು ಬಣ್ಣ ಹೆಚ್ಚು, ಖಾರ ಕಡಿಮೆ. ಪೊಟ್ಟಣದ ಮೆಣಸಿನ ಪುಡಿಯನ್ನು ಅದೇ ಅಳತೆಯಲ್ಲಿ ಹಾಕಲು ಬಾರದು. ಇಡಿ ಮಸಾಲೆಯಿಂದ ಪುಡಿ ಮಸಾಲೆಗೆ ಸರಿಯುವುದು ಆರೋಗ್ಯದ ದೃಷ್ಟಿಯಿಂದ ದೊಡ್ಡ ಸಂಗತಿಯಲ್ಲ. ಅಡುಗೆಯ ಕೌಶಲ ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ದೃಷ್ಟಿಯಿಂದ ದೊಡ್ಡದೇ. ಅಡುಗೆಯ ಶಬ್ದಗಳೂ ಅದರ ಜೊತೆಗೇ ಸರಿಯುತ್ತವೆ: ಪೊಟ್ಟಣದ ಮೇಲೆ ‘ಮುಳಕು ಪೊಡಿ’, ‘ಮಲ್ಲಿ ಪೊಡಿ’ ಎಂದಿದ್ದರೆ ಮಕ್ಕಳು ಕಲಿಯುವುದು ಅದನ್ನೇ.

ಪೊಟ್ಟಣದ ಮೇಲಿನ ಬರಹ ಸಣ್ಣ ವಿಷಯವಲ್ಲ. ಭಾರತದ ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಆದರೆ ಸರ್ಕಾರ ಮನೆಮನೆಗೆ ಕಳಿಸುವ ಪೊಟ್ಟಣ ಪತ್ರವಲ್ಲವಷ್ಟೆ! ಕನ್ನಡ ಮಾಧ್ಯಮದಲ್ಲಿ ನಾಲ್ಕೋ ಐದೋ ತರಗತಿ ಓದಿ ನಿಲ್ಲಿಸಿದ ಹಿರಿಯ ಗೃಹಿಣಿಯೊಬ್ಬರಿಗೆ ಹೆಸರುಕಾಳಿನ ಪೊಟ್ಟಣವನ್ನು ಓದುವ ಅಗತ್ಯವೇ ಇಲ್ಲ, ಕಾಳು ಕಣ್ಣಿಗೆ ಕಾಣುತ್ತದೆ. ಓದಲೇಬೇಕಾದದ್ದು ಅತಿಸಂಸ್ಕರಿತ ಆಹಾರದ ಪೊಟ್ಟಣವನ್ನು. ಏಕೆಂದರೆ ಅದು ಅತಿಸಂಸ್ಕರಿತ ಎಂದು ತಿಳಿಯುವುದೇ ಹಿಂಬದಿಯ ಸಣ್ಣಕ್ಷರದ ಪಟ್ಟಿಯಿಂದ. ಪರಿಚಯವಿಲ್ಲದ ಭಾಷೆಯಲ್ಲಿ, ಸಂಕೇತ ಸಂಖ್ಯೆಗಳೊಡನೆ ಇರುವ ಆ ಪಟ್ಟಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಮುಚ್ಚಿದ ಬಾಗಿಲು.

ಈ ಪೊಟ್ಟಣಗಳು ಬರುತ್ತಿದ್ದ ದಿನಗಳಲ್ಲೇ ಹಿತ್ತಲಿನಲ್ಲಿ ಇನ್ನೊಂದು ಸಂಸ್ಕರಣೆ ನಡೆಯುತ್ತಿತ್ತು. ಲಾಕ್‌ಡೌನ್ ಬಂದ ಕಾಲ ಗಮನಾರ್ಹ. ಮಾರ್ಚ್ ಕೊನೆಯಿಂದ ಮೇ ಕೊನೆಯ ವರೆಗಿನ ಅವಧಿ ಕರಾವಳಿಯಲ್ಲಿ ಮಳೆಗಾಲಕ್ಕೆ ಆಹಾರ ಕಾಪಿಡುವ ಕಾಲ. ಬೆಳೆದು ಹಣ್ಣಾಗದ ಹಲಸಿನ ಸೊಳೆಯನ್ನು ಬೇಯಿಸಿ ಅರೆದು ಹಪ್ಪಳ ತಟ್ಟುವುದು, ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬುವುದು, ಮಾವಿನ ಮಿಡಿ, ಮಾವಿನ ರಸವನ್ನು ಪದರಪದರವಾಗಿ ಒಣಗಿಸುವ ಮಾಂಬಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳ್ಕಮೆಣಸು, ಸಂಡಿಗೆ, ಪುನರ್ಪುಳಿ: ಇವಕ್ಕೆಲ್ಲ ಬೇಕಾದದ್ದು ಸುಡುಬಿಸಿಲು ಮತ್ತು ಹಲವು ಕೈಗಳು. ಬಿಸಿಲು ಪ್ರತಿವರ್ಷವೂ ಇರುತ್ತದೆ. ಕೈಗಳು ಇತ್ತೀಚಿನ ವರ್ಷಗಳಲ್ಲಿ ಕಡಿಮೆಯಾಗಿದ್ದವು: ಮಕ್ಕಳು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ, ಇದ್ದವರಿಗೆ ಮದುವೆ, ಉಪನಯನ, ನೇಮ, ಉತ್ಸವಗಳ ಓಡಾಟ. ಆ ಬೇಸಗೆಯಲ್ಲಿ ಸಮಾರಂಭಗಳೆಲ್ಲ ನಿಂತವು, ಊರಿಗೆ ಬಂದವರು ಹೊರಡಲಾಗದೆ ಉಳಿದರು, ಹಲಸಿನಹಣ್ಣು ಮಾರಾಟವಾಗದೆ ಮರದಲ್ಲೇ ಉಳಿಯಿತು. ಹಲಸು 2018ರಲ್ಲಿ ಕೇರಳದ ರಾಜ್ಯಫಲವೆಂದು ಘೋಷಿತವಾಗಿದ್ದರೂ ಅದು ಜನರ ಮಾತಿಗೂ ತಟ್ಟೆಗೂ ಮರಳಿದ್ದು ಲಾಕ್‌ಡೌನಿನಲ್ಲಿಯೇ. ಹಲಸಿನ ಬೀಜದ ಹೊಸಹೊಸ ಪಾಕಗಳು ಆ ತಿಂಗಳುಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು.

ಇದನ್ನು ‘ಹಳೆಯದಕ್ಕೆ ಮರಳಿದ್ದು’ ಎಂದು ಸಂಭ್ರಮಿಸುವುದರಲ್ಲಿ ಸ್ವಲ್ಪ ಎಚ್ಚರ ಬೇಕು. ಹಪ್ಪಳದ ಹಿಟ್ಟು ಅರೆಯುವ, ಬಿಸಿಲಿಗೆ ಹರಡಿ ಕಾಗೆ ಕಾಯುವ ಕೆಲಸ ಬಹುಪಾಲು ಹೆಂಗಸರದು. ಮೂರು ಹೊತ್ತೂ ಎಲ್ಲರೂ ಮನೆಯಲ್ಲಿದ್ದ ದಿನಗಳಲ್ಲಿ ಅದು ಇರುವ ಕೆಲಸದ ಮೇಲೆ ಬಿದ್ದ ಕೆಲಸ. ಹಿತ್ತಲು, ಹಲಸಿನ ಮರ, ಅಂಗಳ ಇದ್ದವರಿಗಷ್ಟೇ ಈ ಮರಳುವಿಕೆ ಸಾಧ್ಯವಾಯಿತು ಎಂಬುದೂ ಅಷ್ಟೇ ನಿಜ. ನಾಲ್ಕು ಸೆಂಟ್ಸ್ ಜಾಗದ ಮನೆಗಳಿಗೂ ಬಾಡಿಗೆ ಕೋಣೆಗಳಿಗೂ ಪೊಟ್ಟಣವೇ ಗತಿ.

ಮನೆಯ ಭರಣಿಗೂ ಕಾರ್ಖಾನೆಯ ಪೊಟ್ಟಣಕ್ಕೂ ನಡುವೆ ಇರುವ ಆಹಾರಕ್ಕೆ ಕಾಸರಗೋಡಿನಲ್ಲಿಯೇ ಒಳ್ಳೆಯ ಉದಾಹರಣೆ ಇದೆ. ಅಂಗನವಾಡಿಗಳ ಮೂಲಕ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಕೇರಳದಾದ್ಯಂತ ಕೊಡಲಾಗುವ ‘ಅಮೃತಂ ನ್ಯೂಟ್ರಿಮಿಕ್ಸ್’ ಎಂಬ ಪುಡಿಯ ಪಾಕವನ್ನು ರೂಪಿಸಿದ್ದು ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ. ತಯಾರಿಸುವುದು ಕುಟುಂಬಶ್ರೀ ಮಹಿಳೆಯರ ಘಟಕಗಳು. ಗೋಧಿ, ಕಡಲೆ, ಸೋಯಾ, ನೆಲಗಡಲೆಗಳನ್ನು ಹುರಿದು ಪುಡಿಮಾಡಿ ಸಕ್ಕರೆ ಸೇರಿಸಿದ್ದು ಅದು. 2020ರ ಮಾರ್ಚ್‌ನಲ್ಲಿ ಅಂಗನವಾಡಿಗಳು ಮುಚ್ಚಿದಾಗ ಆಹಾರವನ್ನು ಮನೆಗೆ ತಲುಪಿಸುವ ಏರ್ಪಾಡಾಯಿತು. ಪೊಟ್ಟಣದಲ್ಲಿ ಬರುವ, ಸಕ್ಕರೆ ಬೆರೆತ ಈ ಪುಡಿ ಯಾವ ವರ್ಗಕ್ಕೆ ಸೇರುತ್ತದೆ? ಸಮೀಕ್ಷಕರು ಕೈಯಲ್ಲಿನ ಪಟ್ಟಿಯನ್ನು ನೋಡಿ ‘ಪೊಟ್ಟಣದ ಮಗು ಆಹಾರ’ ಎಂದು ಗುರುತು ಹಾಕಿದರೆ, ಬಹುರಾಷ್ಟ್ರೀಯ ಕಂಪನಿಯ ಡಬ್ಬಿಯೂ ಪಕ್ಕದ ಬೀದಿಯ ಮಹಿಳೆಯರು ಹುರಿದ ಪುಡಿಯೂ ಒಂದೇ ಆಗಿಬಿಡುತ್ತವೆ.

ಸಮೀಕ್ಷೆಗಳ ಸ್ಥಿತಿಯನ್ನೇ ನೋಡಿದರೆ ಇನ್ನೂ ದೊಡ್ಡ ಕಂದಕ ಕಾಣುತ್ತದೆ. ಭಾರತದಲ್ಲಿ ಮನೆಗಳ ಖರ್ಚನ್ನು ಅಳೆಯುವ ಅಧಿಕೃತ ಸಮೀಕ್ಷೆ 2011-12ರ ನಂತರ 2017-18ರಲ್ಲಿ ನಡೆಯಿತು, ಆದರೆ ಅದರ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಮುಂದಿನದು 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ. ಇಡೀ ಸೋಂಕಿನ ಕಾಲ ಈ ಎರಡರ ನಡುವಿನ ಖಾಲಿ ಜಾಗದಲ್ಲಿ ಬಿದ್ದುಹೋಗಿದೆ. ಗ್ರಾಮೀಣ ಮನೆಗಳ ಒಟ್ಟು ಖರ್ಚಿನಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ಆಹಾರದ ಪಾಲು 2011-12ರಲ್ಲಿ ಶೇಕಡಾ 7.90 ಇದ್ದದ್ದು 2022-23ರಲ್ಲಿ 9.62ಕ್ಕೆ ಏರಿತು; ನಗರಗಳಲ್ಲಿ 8.98ರಿಂದ 10.64ಕ್ಕೆ. ಈ ಏರಿಕೆಯನ್ನು ಲಾಕ್‌ಡೌನಿನ ಫಲವೆಂದು ಹೇಳುವವರಿದ್ದಾರೆ. ಹನ್ನೊಂದು ವರ್ಷಗಳ ಅಂತರದ ಎರಡು ಬಿಂದುಗಳಿಂದ ನಡುವಿನ ಎರಡು ತಿಂಗಳ ಕಥೆಯನ್ನು ಹೇಳಲು ಬರುವುದಿಲ್ಲ. ಅಲ್ಲದೆ ಆ ಬಾಬಿನಲ್ಲಿ ಹೋಟೆಲಿನ ಊಟ, ಬೀದಿಯ ಚಹಾ, ಬಿಸ್ಕತ್ತು, ಉಪ್ಪಿನಕಾಯಿ ಎಲ್ಲವೂ ಸೇರಿವೆ. ಲಾಕ್‌ಡೌನಿನಲ್ಲಿ ಹೋಟೆಲಿನ ಊಟ ಇಳಿದು ಪೊಟ್ಟಣ ಏರಿದ್ದರೆ, ಒಟ್ಟು ಮೊತ್ತ ಅಲುಗದೆಯೂ ಇದ್ದಿರಬಹುದು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರಿದ ತಿಂಡಿ, ತಂಪು ಪಾನೀಯಗಳ ಬಗ್ಗೆ ಕೇಳುತ್ತದೆ. ಅದರ ಕ್ಷೇತ್ರಕಾರ್ಯ ಕೇರಳ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ, ಕರ್ನಾಟಕಗಳಲ್ಲಿ ಸೋಂಕು ಬರುವ ಮುನ್ನವೇ ಮುಗಿದಿತ್ತು. ತಮಿಳುನಾಡಿನಲ್ಲಿ ಮಾತ್ರ 2020ರ ಜನವರಿಯಲ್ಲಿ ಆರಂಭವಾಗಿ, ಮಾರ್ಚ್‌ನಲ್ಲಿ ನಿಂತು, ಡಿಸೆಂಬರಿನಲ್ಲಿ ಮತ್ತೆ ಹಿಡಿದು 2021ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ಗಡಿಯಾಚೆಯ ಕನ್ನಡಿಗರಲ್ಲಿ ಹೊಸೂರು, ತಾಳವಾಡಿ, ನೀಲಗಿರಿಯವರ ಮಟ್ಟಿಗೆ ಲಾಕ್‌ಡೌನಿನ ಹಿಂದು ಮುಂದುಗಳ ಒಂದು ಮಸುಕು ಹೋಲಿಕೆ ಈ ಸಮೀಕ್ಷೆಯಿಂದ ಸಾಧ್ಯ. ಉಳಿದವರಿಗೆ ಅದೂ ಇಲ್ಲ. ತಮಿಳುನಾಡಿನ ಅಂಕಿಯಲ್ಲಿಯೂ ತಾಳವಾಡಿಯ ಮನೆ ಕಾಣುವುದು ಈರೋಡು ಜಿಲ್ಲೆಯ ಒಂದು ಮನೆಯಾಗಿ, ಕನ್ನಡದ ಮನೆಯಾಗಿ ಅಲ್ಲ.

ಹಾಗಾದರೆ ಇನ್ನು ಉಳಿದಿರುವುದು ಕೇಳಿ ತಿಳಿಯುವ ದಾರಿ. ಅಲ್ಲಿ ಪದದ ತೊಡಕು ಮತ್ತೆ ಎದುರಾಗುತ್ತದೆ. ಕನ್ನಡದ ‘ಸಂಸ್ಕರಿತ’ದಲ್ಲಿ ಸಂಸ್ಕಾರದ ಧ್ವನಿ ಇದೆ, ತಿದ್ದಿ ತೀಡಿದ, ಮೇಲ್ಮಟ್ಟದ್ದೆಂಬ ಭಾವ ಅದಕ್ಕೆ ಅಂಟಿಕೊಂಡಿದೆ. ಮಲಯಾಳದ ‘ಸಂಸ್ಕರಿಚ್ಚ’ ಕೂಡ ಅದೇ ಧಾತುವಿನದು. ತಮಿಳಿನ ‘ಪದಪ್ಪಡುತ್ತಪ್ಪಟ್ಟ’ ಎಂದರೆ ಹದಗೊಳಿಸಿದ್ದು. ಕನ್ನಡದ ‘ಹದ’ವೇ ಅಲ್ಲಿಯ ‘ಪದಂ’, ಅದರಲ್ಲಿ ಕಾರ್ಖಾನೆಗಿಂತ ಅಡುಗೆಮನೆಯ ವಾಸನೆಯೇ ಹೆಚ್ಚು. ಮರಾಠಿಯ ‘ಪ್ರಕ್ರಿಯಾ ಕೇಲೇಲೇ’ ಎಂಬುದು ಯಂತ್ರದ ಕಡೆಗೆ ವಾಲುತ್ತದೆ. ತೆಲುಗಿನಲ್ಲಿ ‘ಪ್ರಾಸೆಸ್ ಚೇಸಿನ’ ಎಂದು ಇಂಗ್ಲಿಷನ್ನೇ ಇಟ್ಟುಕೊಳ್ಳುವುದು ಹೆಚ್ಚು. ‘ಲಾಕ್‌ಡೌನಿನಲ್ಲಿ ಸಂಸ್ಕರಿತ ಆಹಾರವನ್ನು ಹೆಚ್ಚು ತಿಂದಿರಾ?’ ಎಂಬ ಒಂದೇ ಪ್ರಶ್ನೆ ಈ ಭಾಷೆಗಳಲ್ಲಿ ಒಂದೇ ಪ್ರಶ್ನೆಯಾಗಿ ಉಳಿಯುವುದಿಲ್ಲ; ಎರಡು ಭಾಷೆ ಬಲ್ಲ ಮನೆಯಲ್ಲಿ ಯಾವ ಭಾಷೆಯಲ್ಲಿ ಕೇಳಿದರು ಎಂಬುದರ ಮೇಲೆಯೇ ಉತ್ತರ ಬದಲಾದರೆ ಅಚ್ಚರಿಯಿಲ್ಲ. ‘ಕುರುಕಲು ತಿಂಡಿ’ ಎಂದು ತಿಳಿಗನ್ನಡಕ್ಕೆ ಇಳಿಸಿದರೂ ಕೆಲಸ ಕೆಡುತ್ತದೆ; ಮನೆಯ ಚಕ್ಕುಲಿಯೂ ಅದರೊಳಗೆ ಬರುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ವರ್ಗದ ಹೆಸರನ್ನು ಬಿಟ್ಟು ವಸ್ತುವಿನ ಹೆಸರನ್ನು ಹಿಡಿಯುವುದು, ಮತ್ತು ಪ್ರತಿಯೊಂದಕ್ಕೂ ಯಾರು ಮಾಡಿದ್ದು, ಎಲ್ಲಿಂದ ಬಂತು, ಯಾವುದರ ಬದಲಿಗೆ ಅಥವಾ ಯಾವುದರ ಜೊತೆಗೆ ತಿಂದದ್ದು ಎಂದು ಕೇಳುವುದು. ಪಟ್ಟಿಯೂ ಊರಿನ ಪಟ್ಟಿಯೇ ಆಗಿರಬೇಕು: ಜತ್ತದಲ್ಲಿ ಖಡಕ್ ರೊಟ್ಟಿ, ಕಾಸರಗೋಡಿನಲ್ಲಿ ಉಪ್ಪುಸೊಳೆ. ದೆಹಲಿಯಲ್ಲಿ ಸಿದ್ಧವಾದ ಪ್ರಶ್ನಾವಳಿಯ ಕನ್ನಡ ಅನುವಾದದಲ್ಲಿ ಇವೆರಡೂ ಇರುವ ಸಂಭವ ಕಡಿಮೆ. ಕಾಲವನ್ನೂ ಗಮನಿಸಬೇಕಾಗುತ್ತದೆ. ಕಳೆದ ಏಳು ದಿನಗಳಲ್ಲಿ ಏನು ತಿಂದಿರಿ ಎಂದು ಮೇ ತಿಂಗಳಲ್ಲಿ ಕೇಳಿದರೆ ಬಿಸ್ಕತ್ತು ದಾಖಲಾಗುತ್ತದೆ, ಭರಣಿ ದಾಖಲಾಗುವುದಿಲ್ಲ. ಅದು ತುಂಬುತ್ತಿದೆ, ಬಾಯಿ ತೆರೆದಿಲ್ಲ. ಉಪ್ಪುಸೊಳೆಯನ್ನು ತೊಳೆದು ಪಲ್ಯ ಮಾಡುವುದು ತರಕಾರಿ ಸಿಗದ ಆಟಿ ತಿಂಗಳಲ್ಲಿ. ಆ ವರ್ಷ ಆಟಿ ಕಳೆದು ಸೋಣ ಬರುವ ಹೊತ್ತಿಗೆ, ಆಗಸ್ಟ್ ಮಧ್ಯದಲ್ಲಿ, ಓಣಂ ಕಿಟ್‌ನ ಹಂಚಿಕೆ ಆರಂಭವಾಯಿತು. ಅದರ ಹನ್ನೊಂದು ಸಾಮಾನುಗಳಲ್ಲಿ ಬೆಲ್ಲ, ಸಾಂಬಾರು ಪುಡಿ, ಪಾಯಸದ ಸಾಮಗ್ರಿಗಳ ಜೊತೆಗೆ ಒಂದು ಕಟ್ಟು ಉದ್ದಿನ ಹಪ್ಪಳವೂ ಇತ್ತು. ಏಪ್ರಿಲ್‌ನಲ್ಲಿ ಅಂಗಳದಲ್ಲಿ ಒಣಗಿಸಿದ ಹಲಸಿನ ಹಪ್ಪಳ ಡಬ್ಬಿ ತುಂಬ ಇದ್ದ ಮನೆಗಳಿಗೂ ಆ ಕಟ್ಟು ಬಂತು. ಸಮೀಕ್ಷೆಯ ಹಾಳೆಯಲ್ಲಿ ಅವೆರಡಕ್ಕೂ ಇರುವುದು ಒಂದೇ ಹೆಸರು, ಹಪ್ಪಳ.